ಗಾಯಕ್ಕೆ ಎಣ್ಣೆ ಹೊಯ್ದವನು



ಹಲಗೂರಿನಲ್ಲಿ ಒಬ್ಬ ತಾಯಿ ಕೇಳಿದರು: “ಸ್ವಾಮಿ, ಬೆಂಗಳೂರಿಗೆ ಹೋದ ಮಗ ಸೂಜಿಯಲ್ಲಿ ಮಾದಕ ಚುಚ್ಚಿಕೊಳ್ಳಲು ಕಲಿತಿದ್ದಾನೆ. ಏಡ್ಸ್ ಬಾರದಂತೆ ಮೊದಲೇ ನುಂಗುವ ಮಾತ್ರೆ ಇದೆಯಂತೆ. ಅದನ್ನು ಕೊಡಿಸಿದರೆ ಅವನ ಚಟಕ್ಕೆ ನಾನೇ ಒಪ್ಪಿದಂತಾಗುವುದಿಲ್ಲವೇ?”

ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಜೆರಿಕೋ ದಾರಿಯನ್ನು ನೆನೆಯಿರಿ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ಯುವ ಮೊದಲು ಆ ಸಮಾರಿಯದವನು, ಈ ಕಳ್ಳರ ಹಾದಿಗೆ ಏಕೆ ಬಂದೆ ಎಂದು ವಿಚಾರಣೆ ನಡೆಸಲಿಲ್ಲ.

ಬ್ಯಾಂಕಾಕಿನಲ್ಲಿ ಸೂಜಿಯ ಚಟವಿದ್ದ ಸುಮಾರು 2,400 ಮಂದಿಯ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ದಿನಕ್ಕೊಂದು ಟೆನೊಫೊವಿರ್ ಮಾತ್ರೆ ಪಡೆದವರಲ್ಲಿ ಎಚ್‌ಐವಿ ಸೋಂಕು ಅರ್ಧದಷ್ಟು ಇಳಿದಿತ್ತು. ಅರ್ಧವಷ್ಟೇ! ಆದ್ದರಿಂದ ಶುದ್ಧ ಸೂಜಿಯೂ ಬೇಕು, ಚಟ ಬಿಡಿಸುವ ಚಿಕಿತ್ಸೆಯೂ ಬೇಕು. ಮಾತ್ರೆಗೆ ಮುನ್ನ ರಕ್ತಪರೀಕ್ಷೆ ಆಗಲೇಬೇಕು. ಸೋಂಕು ಆಗಲೇ ತಗುಲಿದ್ದರೆ ಔಷಧೋಪಚಾರವೇ ಬೇರೆ. ಪರದೇಶದ ಮಾತೆನ್ನಬೇಡಿ. ಪಕ್ಕದ ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರ ಆಶೋದಯ ಸಮಿತಿಯೂ ತನ್ನವರಿಗೆ ಇಂಥ ಮಾತ್ರೆ ನೀಡಿ ನೋಡಿದೆ.

ಆ ತಾಯಿಗೆ ಹೇಳಿದೆ: “ಪಾಪಕ್ಕೆ ಒಪ್ಪುವುದು ಬೇರೆ, ಪಾಪಿಯ ಪ್ರಾಣ ಕಾಯುವುದು ಬೇರೆ. ಚಟ ತಪ್ಪೆಂದು ಮಗನಿಗೆ ಹೇಳಿ. ಹೇಳುತ್ತಲೇ, ಅವನನ್ನು ಒಪ್ಪಿಸಿ ವೈದ್ಯರ ಬಳಿಗೆ ಕರೆದೊಯ್ಯಿರಿ. ಒಬ್ಬರೇ ಹೋಗಲು ಸಂಕೋಚವಾದರೆ ನಾನೂ ಬರುತ್ತೇನೆ.”