ಹಿಮ್ಮುಖ ದೃಶ್ಯ ಮತ್ತು ನಾಶದ ಪ್ರಶ್ನೆ

ಮಡಕೆ ಬಿದ್ದು ಚೂರಾಗುವ ವಿಡಿಯೋ ತುಣುಕನ್ನು ಸಂಕಲನದಲ್ಲಿ ಹಿಮ್ಮುಖವಾಗಿ ಓಡಿಸಿದರೆ ಚೂರುಗಳು ನೆಲದಿಂದೆದ್ದು ಕೂಡಿಕೊಳ್ಳುತ್ತವೆ, ಇಡೀ ಮಡಕೆ ಕೈಸೇರುತ್ತದೆ. ಈ ತಂತ್ರ ಹೆಚ್ಚುಕಡಿಮೆ ಸಿನಿಮಾದಷ್ಟೇ ಹಳೆಯದು. ಲೂಯಿ ಲೂಮಿಯೇರ್ 1896ರಲ್ಲಿ ಗೋಡೆ ಕೆಡಹುವುದನ್ನು ಚಿತ್ರೀಕರಿಸಿದ. ರೀಲನ್ನು ತಿರುವುಮುರುವಾಗಿ ಓಡಿಸಿದಾಗ ಗೋಡೆ ಧೂಳಿನಿಂದ ಎದ್ದು ನಿಂತಿತು. ಜೀಗಾ ವೆರ್ತೊವ್ 1924ರ ಚಿತ್ರವೊಂದರಲ್ಲಿ ಮಾಂಸವನ್ನು ಮತ್ತೆ ಜೀವಂತ ಹೋರಿಯಾಗಿಸಿದ.

ಇಲ್ಲಿ ಮಗುಚಿದ್ದು ಚೌಕಟ್ಟುಗಳ ಕ್ರಮ, ಕಾಲವಲ್ಲ. ಪ್ರೇಕ್ಷಕನ ಗಡಿಯಾರ ಮುಂದಕ್ಕೇ ಓಡುತ್ತಿರುತ್ತದೆ. ಕಂಪ್ಯೂಟರಿನ ಪಾಡೂ ಅದೇ: ಸಂಕುಚಿತ ವಿಡಿಯೋದಲ್ಲಿ ಬಹುಪಾಲು ಚೌಕಟ್ಟುಗಳನ್ನು ಬೇರೆ ಚೌಕಟ್ಟುಗಳಿಗಿಂತ ಎಷ್ಟು ಬದಲಾಗಿವೆ ಎಂಬ ಲೆಕ್ಕವಾಗಿಯೇ ಇಟ್ಟಿರುವುದರಿಂದ, ಹಿಂದಕ್ಕೆ ತೋರಿಸಬೇಕಾದರೂ ಮೊದಲು ಮುಂದಕ್ಕೆ ಬಿಡಿಸಿಕೊಳ್ಳಲೇಬೇಕು.

ಹಾಗಾದರೆ ನಾಶವಾದದ್ದು ಮರಳಿ ಬರಬಲ್ಲದೆ? ಇದಕ್ಕೆ ನ್ಯಾಯ-ವೈಶೇಷಿಕರ ಉತ್ತರ ಬಹಳ ಕಟ್ಟುನಿಟ್ಟಿನದು. ಮಡಕೆ ಹುಟ್ಟುವ ಮೊದಲಿನ ಅದರ ಇಲ್ಲದಿರುವಿಕೆ ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವುಂಟು. ಒಡೆದ ಮೇಲಿನದು ಪ್ರಧ್ವಂಸಾಭಾವ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ಕಾರ್ಯವೊಂದು ಹುಟ್ಟಲು ಅದರ ಪ್ರಾಗಭಾವವೂ ಕಾರಣವೆಂದು ಇವರು ಎಣಿಸುತ್ತಾರೆ. ಮಡಕೆ ಹುಟ್ಟಿದಾಗಲೇ ಆ ಪ್ರಾಗಭಾವ ಮುಗಿದುಹೋಯಿತು, ಆದ್ದರಿಂದ ಅದೇ ಮಡಕೆ ಎರಡನೆಯ ಸಲ ಹುಟ್ಟಲಾರದು. ಚೂರುಗಳನ್ನು ಅಂಟಿಸಿದರೆ ಸಿಗುವುದು ಹೊಸ ಸಂಯೋಗ, ಹೊಸ ಅವಯವಿ (ಭಾಗಗಳಿಂದಾದ ಇಡಿಯ ವಸ್ತು). ಒಡೆದದ್ದು ಎಂದೆಂದಿಗೂ ಒಡೆದೇ ಇರುತ್ತದೆ ಎಂಬ ಈ ನಿಲುವು ಕಠೋರವೆನಿಸಬಹುದು; ತರ್ಕದಲ್ಲಿ ಸಡಿಲವಿಲ್ಲ.

ಭೌತಶಾಸ್ತ್ರ ಇಷ್ಟು ಖಡಾಖಂಡಿತವಾಗಿ ಮಾತಾಡುವುದಿಲ್ಲ. ಲೋಲಕ ತೂಗುವ ಚಿಕ್ಕ ತುಣುಕನ್ನು ಮಗುಚಿ ತೋರಿಸಿದರೆ ಯಾರೂ ಗುರುತಿಸಲಾರರು. ನ್ಯೂಟನ್ನನ ನಿಯಮಗಳು ಎರಡು ದಿಕ್ಕಿಗೂ ಒಪ್ಪುತ್ತವೆ. ಕಣಗಳ ಚಲನೆ ಹಿಮ್ಮುಖವಾಗಬಹುದಾದರೆ ಅವುಗಳ ಸಮೂಹದ ಚಲನೆ ಏಕೆ ಆಗಬಾರದು ಎಂದು 1876ರಲ್ಲಿ ಲೋಶ್ಮಿಟ್ ಆಕ್ಷೇಪ ಎತ್ತಿದ. ಅಸಾಧ್ಯವೇನಲ್ಲ, ಆದರೆ ಅದರ ಸಂಭವ ಎಣಿಕೆಗೆ ಸಿಗದಷ್ಟು ಕಡಿಮೆ ಎಂಬುದು ಮರುವರ್ಷ ಬೋಲ್ಟ್ಸ್‌ಮನ್ ಕೊಟ್ಟ ಉತ್ತರದ ತಿರುಳು. ಆದರೂ ಈ ಉತ್ತರ ಹೇಳುವುದು ಕಣಗಳ ಜೋಡಣೆ ಮರಳುವ ಬಗ್ಗೆ. ಮರಳಿದ್ದು ‘ಅದೇ’ ಮಡಕೆಯೇ ಎಂಬ ನೈಯಾಯಿಕನ ಪ್ರಶ್ನೆಯನ್ನು ಅದು ಮುಟ್ಟುವುದಿಲ್ಲ.

ಹಿಮ್ಮುಖ ಕ್ರಮವನ್ನು ನೇರವಾಗಿ ಒಪ್ಪಿಕೊಂಡದ್ದು ವೇದಾಂತ. ಆಕಾಶದಿಂದ ವಾಯು, ಅಗ್ನಿ, ನೀರು, ಭೂಮಿ ಎಂಬುದು ತೈತ್ತಿರೀಯೋಪನಿಷತ್ತಿನ ಸೃಷ್ಟಿಕ್ರಮ. ಪ್ರಳಯ ಇದರ ತಿರುವುಮುರುವು ಎಂದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದ ನಿರ್ಣಯಿಸುತ್ತದೆ. ಹತ್ತಿದ ಮೆಟ್ಟಿಲನ್ನು ಇಳಿಯುವವನು ಕೊನೆಯದರಿಂದಲೇ ತೊಡಗಬೇಕಲ್ಲವೆ ಎನ್ನುತ್ತಾರೆ ಶಂಕರರು. ಅವರು ಕೊಡುವ ಕಾರಣ ಇದು: ಕಾರ್ಯ ಅಡಗಿದರೂ ಕಾರಣ ಉಳಿದೀತು, ಕಾರಣವೇ ಅಡಗಿದ ಮೇಲೆ ಕಾರ್ಯ ನಿಲ್ಲದು. ಅಂದರೆ ಪ್ರಳಯದಲ್ಲಿ ಕಾಲವೇನೂ ಹಿಂದೆ ಸರಿಯುವುದಿಲ್ಲ. ಭೂಮಿ ನೀರಿನಲ್ಲಿ ಲಯವಾಗುವುದೂ ಮುಂದೆ ನಡೆಯುವ ಘಟನೆಯೇ, ಅದರ ಕ್ರಮಕ್ಕೊಂದು ಹೇತುವಿದೆ. ವಿಡಿಯೋದಲ್ಲಿ ಚೂರು ನೆಲ ಬಿಟ್ಟು ಮೇಲೇಳಲು ದೃಶ್ಯದೊಳಗೆ ಅಂಥ ಹೇತುವೊಂದೂ ಸಿಗುವುದಿಲ್ಲ. ಹೇತು ಇರುವುದು ಸಂಕಲನಕಾರನ ಇಚ್ಛೆಯಲ್ಲಿ.