ಕುಳಿತಲ್ಲೇ ಹಾರುವಾಗ

ಪುಣೆಯಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನ ಮಗ ಹೋದ ದೀಪಾವಳಿಗೆ ಮುಂಚೆ ಫೋನು ಮಾಡಿ, "ಚಿಕ್ಕಪ್ಪ, ಅಪ್ಪನಿಗೆ ಒಂದು ವಿ.ಆರ್. ಕನ್ನಡಕ ತೆಗೆದುಕೊಡೋಣ ಅಂತಿದ್ದೇನೆ. ಕೊಡಲೋ, ಈಗಿರುವ ಹೆಡ್ ಟ್ರ್ಯಾಕಿಂಗೇ ಸಾಕೋ? ನೀವು ಹತ್ತಿರ ಇದ್ದೀರಿ, ನೋಡಿ ಹೇಳಿ" ಎಂದ. ಛಂದಸ್ಸಿನಲ್ಲೋ ವ್ಯಾಕರಣದಲ್ಲೋ ಸಂದೇಹ ಬಂದರೆ ನನ್ನನ್ನು ಕೇಳುವವರುಂಟು. ಯಂತ್ರಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ಅಂಗಡಿಯವನನ್ನು ವಿಚಾರಿಸಿ ಮುಗಿಸಬಹುದಾದ ಪ್ರಶ್ನೆಯೆಂದುಕೊಂಡು ಒಪ್ಪಿಕೊಂಡೆ. ಅದು ಅಂಥ ಪ್ರಶ್ನೆಯಲ್ಲವೆಂಬುದು ತಿಳಿಯಲು ಒಂದು ತಿಂಗಳು ಹಿಡಿಯಿತು.

ಅಣ್ಣ ನನಗಿಂತ ಹದಿನೈದು ವರ್ಷ ದೊಡ್ಡವನು. ಇಪ್ಪತ್ತರ ವಯಸ್ಸಿನಲ್ಲಿ ವಿಮಾನ ಹಾರಿಸಬೇಕೆಂದು ಹಂಬಲಿಸಿ ವಾಯುಪಡೆಗೆ ಅರ್ಜಿ ಹಾಕಿದ್ದ. ದೃಷ್ಟಿ ಸಾಲದೆಂದು ಹಿಂದಕ್ಕೆ ಕಳುಹಿಸಿದರು. ಆಮೇಲೆ ಮೈಸೂರಿನ ಒಂದು ಕಚೇರಿಯಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದು ನಿವೃತ್ತನಾದ. ನಿವೃತ್ತಿಯ ವರ್ಷ ಮಗ ಒಂದು ಒಳ್ಳೆಯ ಕಂಪ್ಯೂಟರನ್ನೂ ಅದರೊಳಗೆ ಫ್ಲೈಟ್ ಸಿಮ್ಯುಲೇಟರನ್ನೂ ಇರಿಸಿಕೊಟ್ಟ. ಮೊದಮೊದಲು ಅತ್ತಿಗೆ, "ಇವರ ವಿಮಾನ ಇಳಿದ ಮೇಲೇ ನಮ್ಮನೆ ಊಟ" ಎಂದು ನಗುತ್ತಿದ್ದರು. ಎರಡು ವರ್ಷದ ಹಿಂದೆ ಅತ್ತಿಗೆ ತೀರಿಕೊಂಡರು. ಅಂದಿನಿಂದ ಆ ಮನೆಯಲ್ಲಿ ಅಣ್ಣನೊಬ್ಬನೇ.

ಸಂಜೆ ಐದು ಗಂಟೆಗೆ ಅವನು ಮಂಡಕಳ್ಳಿ ನಿಲ್ದಾಣದಿಂದ ಸೆಸ್ನಾ 172 ಎಂಬ ಪುಟ್ಟ ವಿಮಾನವನ್ನು ಏರಿಸಿ ಮಂಗಳೂರಿಗೆ ಹೊರಡುತ್ತಾನೆ. ನೇರ ದಾರಿ ಸುಮಾರು 200 ಕಿಲೋಮೀಟರು, ಒಂದು ಗಂಟೆಯ ಪಯಣ. ನಡುವೆ ಪುಷ್ಪಗಿರಿ ಬರುತ್ತದೆ. ಘಟ್ಟ ಇಳಿದರೆ ಕುಮಾರಧಾರಾ ಹೊಳೆ. ಅತ್ತಿಗೆಯ ತವರು ಆ ಹೊಳೆಯ ದಡದ ಒಂದು ಅಡಿಕೆ ತೋಟ. ಈ ದಾರಿಯನ್ನೇ ಏಕೆ ಹಿಡಿಯುತ್ತೀ ಎಂದು ನಾನು ಕೇಳಿಲ್ಲ.

ಈ ಆಟವನ್ನು ಅರಿಯದ ಓದುಗರಿಗಾಗಿ ಎರಡು ಮಾತು ಹೇಳಬೇಕು. ವಿಮಾನ ನಡೆಸುವವನು ಮುಂದೆ ಮಾತ್ರ ನೋಡಿದರೆ ಸಾಲದು. ಪಕ್ಕದ ರನ್‌ವೇಯನ್ನೂ ಕೆಳಗಿನ ನೆಲವನ್ನೂ ತಿರುಗಿ ತಿರುಗಿ ನೋಡುತ್ತಿರಬೇಕು. ಮೇಜಿನ ಮೇಲಿನ ಪರದೆಗೆ ಪಕ್ಕಗಳಿಲ್ಲ. ಇದಕ್ಕೆ ಎರಡು ಉಪಾಯಗಳಿವೆ. ಒಂದು, ಹೆಡ್ ಟ್ರ್ಯಾಕಿಂಗ್. ಟೋಪಿಗೆ ಒಂದು ಸಣ್ಣ ಕೊಂಡಿ ಸಿಕ್ಕಿಸಿಕೊಂಡರೆ ಪರದೆಯ ಮೇಲಿಟ್ಟ ಕ್ಯಾಮೆರಾ ತಲೆಯ ಚಲನೆಯನ್ನು ಗುರುತಿಸುತ್ತದೆ. ತಲೆ ಒಂದಿಷ್ಟು ತಿರುಗಿದರೆ ಪರದೆಯ ದೃಶ್ಯ ಅದರ ನಾಲ್ಕೈದು ಪಟ್ಟು ತಿರುಗುತ್ತದೆ. ಆದರೆ ಕಣ್ಣು ಮಾತ್ರ ಪರದೆಯನ್ನು ಬಿಟ್ಟು ಹೋಗುವಂತಿಲ್ಲ. ತಲೆ ಬಲಕ್ಕೆ ತಿರುಗಿದಾಗ ನೋಟ ಎಡಕ್ಕೆ ಹೊರಳಿರಬೇಕು. ಅಭಿನಯದರ್ಪಣದಲ್ಲಿ ಶಿರಸ್ಸಿಗೆ ಒಂಬತ್ತು ಭೇದ, ದೃಷ್ಟಿಗೆ ಎಂಟು ಭೇದ ಬೇರೆ ಬೇರೆಯಾಗಿ ಹೇಳಿರುವುದನ್ನು ನಾನು ಪಾಠ ಮಾಡುವುದುಂಟು. ಅವೆರಡನ್ನೂ ಹೀಗೆ ಬೇರ್ಪಡಿಸಿ ನಡೆಸುವುದನ್ನು ಕಣ್ಣಾರೆ ಕಂಡದ್ದು ಅಣ್ಣನ ಕುರ್ಚಿಯ ಪಕ್ಕದಲ್ಲಿ.

ಎರಡನೆಯದು ವರ್ಚುವಲ್ ರಿಯಾಲಿಟಿ, ವಿ.ಆರ್. ಕನ್ನಡಕವೆಂದು ಹೆಸರೇ ಹೊರತು ಅದು ಕಣ್ಣಿಗೆ ಕಟ್ಟುವ ಪೆಟ್ಟಿಗೆ. ಒಂದೊಂದು ಕಣ್ಣಿಗೂ ಒಂದೊಂದು ಚಿತ್ರ. ಹಾಗಾಗಿ ಆಳ ಕಾಣುತ್ತದೆ. ತಲೆ ಎಷ್ಟು ತಿರುಗಿತೋ ಲೋಕವೂ ಅಷ್ಟೇ ತಿರುಗುತ್ತದೆ. ಹಿಂದಿರುಗಿ ನೋಡಿದರೆ ಹಿಂದಿನ ಆಸನವೇ ಕಾಣುತ್ತದೆ. ಮೇಜು, ಗೋಡೆ, ತನ್ನ ಕೈ, ಯಾವುದೂ ಕಾಣುವುದಿಲ್ಲ. ಹೊರಗಿನದನ್ನು ಬೇಕೆಂದಾಗ ಒಳಕ್ಕೆ ತೋರಿಸುವ ಕನ್ನಡಕಗಳೂ ಈಚೆಗೆ ಬಂದಿವೆ. ಆದರೆ ಅವುಗಳಲ್ಲೂ ಹಾರಾಟದಲ್ಲಿ ಮುಳುಗಿದವನಿಗೆ ಮನೆ ಇಲ್ಲವೆಂದೇ ಲೆಕ್ಕ.

ಹೀಗೆ ಮುಚ್ಚಿ ಕುಳ್ಳಿರಿಸಿ ಹಾರಿಸುವುದು ಹೊಸ ಬುದ್ಧಿಯೇನೂ ಅಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1929ರಲ್ಲಿ ಮೊದಲ ತರಬೇತಿ ಯಂತ್ರವನ್ನು ಕಟ್ಟಿದ. ಅವನ ತಂದೆಯದು ಪಿಯಾನೊ, ಆರ್ಗನ್ ಮಾಡುವ ಕಾರ್ಖಾನೆ. ಆರ್ಗನ್ನಿಗೆ ಗಾಳಿಯೂದುವ ತಿದಿಗಳನ್ನೇ ಬಳಸಿ ಯಂತ್ರ ವಾಲುವಂತೆ ಮಾಡಿದ. ಒಳಗೆ ಕುಳಿತವನ ಮೇಲೆ ಮುಚ್ಚಳ ಬೀಳುತ್ತಿತ್ತು. ಮೋಡದೊಳಗೆ ಹೊಕ್ಕ ವಿಮಾನಚಾಲಕನಿಗೆ ಒಳಕಿವಿ ಸುಳ್ಳು ಹೇಳುತ್ತದೆ. ವಾಲಿರುವಾಗ ನೆಟ್ಟಗಿರುವಂತೆ, ನೆಟ್ಟಗಿರುವಾಗ ವಾಲಿದಂತೆ ತೋರುತ್ತದೆ. ಆಗ ಮೈಯನ್ನು ನಂಬದೆ ಮುಂದಿನ ಮುಳ್ಳುಗಳನ್ನೇ ನಂಬಬೇಕೆಂಬುದು ಲಿಂಕನ ಪಾಠ. 1934ರಲ್ಲಿ ಅಂಚೆ ಸಾಗಿಸಲು ಹೋದ ಅಮೆರಿಕದ ಸೈನಿಕ ವಿಮಾನಚಾಲಕರು ಕೆಟ್ಟ ಹವೆಗೆ ಸಿಕ್ಕಿ ಸತ್ತಮೇಲೆ ಸೈನ್ಯ ಅವನ ಯಂತ್ರಗಳನ್ನು ಕೊಂಡಿತು. 2021ರಲ್ಲಿ ಯೂರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಹೆಲಿಕಾಪ್ಟರ್ ಕಲಿಯುವವರಿಗಾಗಿ ವಿ.ಆರ್. ಯಂತ್ರವೊಂದಕ್ಕೆ ಮೊದಲ ಬಾರಿಗೆ ಮಾನ್ಯತೆ ಕೊಟ್ಟಿತು. ಒಂದೆಡೆ ನಿಂತು ತೇಲುವ ಹೆಲಿಕಾಪ್ಟರಿಗೆ ನೆಲದ ದೂರವನ್ನು ಕಣ್ಣಿನಿಂದ ಅಳೆಯುವುದು ಮುಖ್ಯ. ಚಪ್ಪಟೆ ಪರದೆಯಲ್ಲಿ ಆ ಅಳತೆ ಸರಿಯಾಗಿ ಸಿಗದು. ಕಲಿಯುವವನು ಯಾವುದನ್ನು ಕಲಿಯಬೇಕೋ ಅದನ್ನು ಕಲಿಸುವ ಉಪಕರಣವೇ ಒಳ್ಳೆಯದು. ಅಲ್ಲಿಗೆ ವಿವಾದ ಮುಗಿಯಿತು. ಆದರೆ ನನ್ನ ಅಣ್ಣ ಏನನ್ನೂ ಕಲಿಯಬೇಕಾಗಿಲ್ಲವಲ್ಲ!

ನೋಡದೆ ಹೇಳಬಾರದೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿ ಆ ಕನ್ನಡಕವನ್ನು ಹಾಕಿಕೊಂಡು ನೋಡಿದೆ. ಸುಳ್ಳು ಹೇಳಲಾರೆ, ಬೆರಗಾದೆ. ಬಾಗಿಲ ಗಾಜಿನಾಚೆ ನಿಜವಾದ ಆಳವಿತ್ತು. ಕೆಳಗೆ ಬಗ್ಗಿ ನೋಡಿದಾಗ ಅಂಗಾಲು ಜುಮ್ಮೆಂದಿತು. ಪರದೆಯಲ್ಲಿ ಬೆಟ್ಟವನ್ನು ನೋಡಿದ್ದೆ. ಇಲ್ಲಿ ಬೆಟ್ಟದ ಎದುರಿಗೆ ಇದ್ದೆ. ಹತ್ತು ನಿಮಿಷ ಕಳೆಯುವುದರೊಳಗೆ ಹೊಟ್ಟೆ ತೊಳಸತೊಡಗಿತು. ಹಾರುತ್ತಿದ್ದೇನೆಂದು ಕಣ್ಣು ಹೇಳುತ್ತಿತ್ತು, ಕುರ್ಚಿಯಲ್ಲಿದ್ದೇನೆಂದು ಕಿವಿ ಹೇಳುತ್ತಿತ್ತು. ಕನ್ನಡಕ ತೆಗೆದಾಗ ಆ ಹುಡುಗನ ತಾಯಿ ಕಾಫಿ ತಂದು ಎಷ್ಟೋ ಹೊತ್ತಿನಿಂದ ನಿಂತಿದ್ದರು. ನಾಲ್ಕು ಸಲ ಕರೆದರಂತೆ. ನನಗೆ ನಾಚಿಕೆಯಾಯಿತು.

ಮಾರನೆಯ ದಿನ ಅಣ್ಣನ ಮನೆಗೆ ಹೋದೆ. ಅವನು ಟೋಪಿ ಹಾಕಿಕೊಂಡು ಘಟ್ಟ ಇಳಿಯುತ್ತಿದ್ದ. ಒಲೆಯ ಮೇಲೆ ಹಾಲಿಟ್ಟಿದ್ದ. ಕುಮಾರಧಾರಾ ಕಂಡಿತು. ಅಣ್ಣ ಸ್ವಲ್ಪ ಮುಂದಕ್ಕೆ ಬಾಗಿದ, ದೃಶ್ಯವೂ ಬಾಗಿತು. ಈ ಸಿಮ್ಯುಲೇಟರಿನ 2020ರ ಆವೃತ್ತಿಯಿಂದೀಚೆಗೆ ನೆಲವೆಲ್ಲ ಉಪಗ್ರಹಗಳೂ ವಿಮಾನಗಳೂ ತೆಗೆದ ಚಿತ್ರಗಳಿಂದ ಆದದ್ದು. ಹೊಳೆ, ತೋಟ, ರಸ್ತೆ ಇರುವಲ್ಲಿಯೇ ಇವೆ. ಮನೆಗಳನ್ನು ಮಾತ್ರ ಬಹಳ ಕಡೆ ಯಂತ್ರ ಊಹಿಸಿ ಕಟ್ಟುತ್ತದೆ. ಅತ್ತಿಗೆಯ ತವರಿನ ನಾಡಹೆಂಚಿನ ಮನೆಯಿದ್ದಲ್ಲಿ ಯಾವುದೋ ದೇಶದ ಚಪ್ಪಟೆ ತಾರಸಿಯ ಮನೆಯೊಂದು ನಿಂತಿತ್ತು. ಅಣ್ಣ ಅದನ್ನು ನೋಡಿಯೂ ನೋಡದವನಂತೆ ತೋಟದ ಮೇಲೆ ಒಂದು ಸುತ್ತು ಹಾಕಿದ. ಅಷ್ಟರಲ್ಲಿ ಒಳಗೆ ಹಾಲು ಸುಯ್ಯೆಂದಿತು. ಅವನು ವಿಮಾನವನ್ನು ಆಕಾಶದಲ್ಲಿಯೇ ನಿಲ್ಲಿಸಿ, ಟೋಪಿಯೊಡನೆ ಎದ್ದು ಹೋಗಿ, ಹಾಲಿಳಿಸಿ ಬಂದ.

ಹೆಡ್ ಟ್ರ್ಯಾಕಿಂಗೇ ಸಾಕೆಂದು ನಾನು ಅಂದೇ ನಿಶ್ಚಯಿಸಿದೆ. ಕಾರಣವನ್ನು ನನ್ನ ವಿದ್ಯೆಯಲ್ಲಿಯೇ ಹುಡುಕಿಕೊಂಡೆ. ರಂಗದ ಮೇಲೆ ರಾಮನ ವೇಷದವನನ್ನು ಕಂಡಾಗ ನಮಗಾಗುವ ಅರಿವು ಎಂಥದು? ಶಂಕುಕನ ಉತ್ತರ: ನಿಜವೆಂಬ ಅರಿವಲ್ಲ, ಸುಳ್ಳೆಂಬ ಅರಿವಲ್ಲ, ಸಂಶಯವಲ್ಲ, ಹೋಲಿಕೆಯೂ ಅಲ್ಲ, ಚಿತ್ರದ ಕುದುರೆಯನ್ನು ಕುದುರೆಯೆನ್ನುವಂತೆ. ಇದನ್ನೇ ಚಿತ್ರತುರಗ ನ್ಯಾಯವೆನ್ನುತ್ತಾರೆ. ಚಿತ್ರಕ್ಕೆ ಚೌಕಟ್ಟಿದೆ, ಆದ್ದರಿಂದಲೇ ಅದನ್ನು ಸವಿಯುತ್ತೇವೆ. ಅತ್ತಿಗೆಯ ಊರಿನ ಬಯಲಾಟದಲ್ಲಿ ನಾನೇ ಕಂಡಿದ್ದೇನೆ: ಕಡಲೆಕಾಯಿ ಸುಲಿಯುತ್ತ, ಮಡಿಲಲ್ಲಿ ಮಲಗಿದ ಮಗುವಿನ ಹೊದಿಕೆ ಸರಿಪಡಿಸುತ್ತ ಕುಳಿತವರು ಅಭಿಮನ್ಯು ಬಿದ್ದಾಗ ಕಣ್ಣೊರೆಸಿಕೊಳ್ಳುತ್ತಾರೆ. ಮಗುವಿನ ಹೊದಿಕೆ ಅವರ ರಸಕ್ಕೆ ಅಡ್ಡಿಯಾಗಲಿಲ್ಲ. ಅಣ್ಣನಿಗೂ ಹಾಲು ಅಡ್ಡಿಯಾಗಲಿಲ್ಲ. ಪೂರ್ತಿ ಮುಳುಗಿದವನದು ರಸಾಸ್ವಾದವಲ್ಲ, ಮೂರ್ಛೆ. ಹೀಗೆಲ್ಲ ವಾದ ಕಟ್ಟಿಕೊಂಡು ಅಣ್ಣನಿಗೆ ವಿಷಯ ತಿಳಿಸಿ, "ನಿನಗೆ ಆ ಪೆಟ್ಟಿಗೆ ಬೇಡ ಅಲ್ವೇ?" ಎಂದೆ. ಅವನ ಒಪ್ಪಿಗೆ ಸಿಕ್ಕೇ ಸಿಗುವುದೆಂದು ನಂಬಿದ್ದೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಬೇಕು ಕಣೋ" ಎಂದ. "ಈ ಪರದೆ ಆಚೆ ಕಿಟಕಿ, ಕಿಟಕಿ ಪಕ್ಕ ಅವಳ ಕುರ್ಚಿ. ತಲೆ ತಿರುಗಿಸಿದಾಗೆಲ್ಲ ಕಣ್ಣಂಚಿಗೆ ಬರುತ್ತೆ. ದಿನಕ್ಕೊಂದು ಗಂಟೆ ಈ ಮನೆ ಕಾಣದೇ ಇದ್ರೆ ಸಾಕು ಅನ್ಸುತ್ತೆ."

ನನ್ನ ಚಿತ್ರತುರಗ ಅಲ್ಲಿಯೇ ಕುಂಟಿತು. ರಸಕ್ಕೆ ಬರುವ ವಿಘ್ನಗಳನ್ನು ಅಭಿನವಗುಪ್ತ ಏಳೆಂದು ಎಣಿಸುತ್ತಾನೆ. ತನ್ನ ಸ್ವಂತದ ಸುಖದುಃಖಗಳಿಗೆ ವಶನಾಗಿರುವುದು ಅವುಗಳಲ್ಲಿ ಒಂದು. ಅದನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಆದರೆ ಸ್ವಂತ ದುಃಖದಲ್ಲಿರುವವನು ನೋಡಲು ಬಂದಾಗ ಅವನನ್ನು ಏನು ಮಾಡಬೇಕೆಂದು ಯೋಚಿಸಿದ್ದೇ ಇಲ್ಲ. ಅಣ್ಣ ರಸಿಕನಾಗಿ ಆ ಕುರ್ಚಿಯಲ್ಲಿ ಕೂರುತ್ತಿಲ್ಲ. ಒಂದು ಗಂಟೆಯ ವಿಶ್ರಾಂತಿಯನ್ನು ಬೇಡುತ್ತಿದ್ದಾನೆ. ನಿದ್ರೆ ನಮಗೆ ದಿನವೂ ಮನೆಯನ್ನೂ ಹೆಸರನ್ನೂ ಮರೆಸುತ್ತದೆ; ಅದನ್ನು ಯಾರೂ ಪಾಪವೆಂದಿಲ್ಲ. ಹೆಂಡತಿಯ ಖಾಲಿ ಕುರ್ಚಿಯನ್ನು ದಿನವೂ ನೋಡಲೇಬೇಕೆಂದು ವಿಧಿಸಲು ನಾನು ಯಾರು? ನನ್ನ ಮನೆಯ ಕುರ್ಚಿಗಳೆಲ್ಲ ತುಂಬಿವೆ.

ಹಾಗೆಂದು ಕೂಡಲೇ "ಕಳಿಸು" ಎನ್ನಲೂ ಮನಸ್ಸು ಬರಲಿಲ್ಲ. ಕಾಫಿ ಹಿಡಿದು ನಿಂತಿದ್ದ ಆ ತಾಯಿ ನೆನಪಾದರು. ಒಬ್ಬನೇ ಇರುವ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿ ಅನಿಲ ಹರಡಿದರೆ ಅವನಿಗೆ ಹೇಳುವವರು ಯಾರು? ಆಗ ನನಗೆ ಎರಡು ಉಪಕರಣಗಳ ನಿಜವಾದ ಅಂತರ ಹೊಳೆಯಿತು. ಟೋಪಿ ಹಾಕಿಕೊಂಡವನು ಅರ್ಧ ಹಾರುತ್ತಾನೆ, ಇನ್ನರ್ಧದಿಂದ ತನ್ನ ಮನೆಯನ್ನು ತಾನೇ ಕಾಯುತ್ತಾನೆ. ಪೆಟ್ಟಿಗೆ ಕಟ್ಟಿಕೊಂಡವನಿಗೆ ಕಾಯಲು ಇನ್ನೊಬ್ಬರು ಬೇಕು. ಯಾವ ತನ್ಮಯತೆಯೂ ತಾನಾಗಿ ಕೆಟ್ಟದ್ದಲ್ಲ; ಧ್ಯಾನಕ್ಕೆ ಕುಳಿತವನಿಗೂ, ಜ್ವರದಲ್ಲಿ ಮಲಗಿದವನಿಗೂ, ಮಗುವಿಗೂ ನಾವು ಆ ಹಕ್ಕನ್ನು ಕೊಟ್ಟಿದ್ದೇವೆ, ಹೊರಗೆ ಒಬ್ಬರು ಎಚ್ಚರವಾಗಿರುತ್ತಾರೆಂಬ ಭರವಸೆಯ ಮೇಲೆ. ಲಿಂಕನ ಯಂತ್ರದಲ್ಲಿಯೂ ಮುಚ್ಚಳದ ಹೊರಗೆ ಮೇಜಿನ ಮುಂದೆ ಕಲಿಸುವವನೊಬ್ಬ ಕುಳಿತಿರುತ್ತಿದ್ದ. ಹಾಗಾದರೆ ಯಾವುದನ್ನು ಕೊಡಬೇಕೆಂಬ ಪ್ರಶ್ನೆ ಅಣ್ಣನ ಕಣ್ಣಿಗೂ ಕತ್ತಿಗೂ ಸೇರಿದ್ದಲ್ಲ. ಮಗನಿಗೂ ನನಗೂ ಸೇರಿದ್ದು. ಬಳಿಯಲ್ಲಿ ಕೂರಲು ಬಿಡುವಿಲ್ಲದ ನಾವು ಪೆಟ್ಟಿಗೆಯನ್ನು ಮಾತ್ರ ಕಳಿಸಿದರೆ ಅದು ಉಡುಗೊರೆಯಲ್ಲ, ನಮ್ಮ ಗೈರುಹಾಜರಿಗೆ ತೆತ್ತ ದಂಡ.

ನಾನು ಹುಡುಗನಿಗೆ, "ಕೊಡಪ್ಪ. ಆದರೆ ಅಂಚೆಯಲ್ಲಿ ಬೇಡ, ನೀನೇ ತಾ. ಒಂದು ವಾರ ಇರು" ಎಂದೆ. ಅವನು ರಜೆ ಹಾಕಿ ಬಂದ. ಅಣ್ಣನ ದೃಷ್ಟಿಗೆ ತಕ್ಕ ಮಸೂರಗಳನ್ನು ಕನ್ನಡಕದೊಳಕ್ಕೆ ಮಾಡಿಸಿ ಕೂರಿಸಿದ. ಮೊದಲ ದಿನ ಅಣ್ಣನಿಗೂ ತಲೆ ಸುತ್ತಿತು; ದಿನಕ್ಕೆ ಐದೈದು ನಿಮಿಷ ಹೆಚ್ಚಿಸುತ್ತ ಹೋದಂತೆ ಒಗ್ಗಿತು. ಮಗ ಹೋದಮೇಲೆ ಭಾನುವಾರದ ಸಂಜೆಗಳು ನನ್ನ ಪಾಲಿಗೆ ಬಂದವು. ವಾರದ ದಿನಗಳಲ್ಲಿ ಟೋಪಿ, ಭಾನುವಾರ ಪೆಟ್ಟಿಗೆ ಎಂದು ಒಪ್ಪಂದವಾಗಿದೆ. ಈ ಒಪ್ಪಂದದಿಂದ ಅವನಿಗೆ ಪೂರ್ತಿ ತೃಪ್ತಿಯಿಲ್ಲವೆಂದು ಬಲ್ಲೆ. ವಾರದಲ್ಲಿ ಇನ್ನೊಂದು ದಿನ ಬರಬಾರದೇ ಎಂದು ಅವನು ಕೇಳಿಲ್ಲ. ಬರುತ್ತೇನೆಂದು ನಾನೂ ಇನ್ನೂ ಹೇಳಿಲ್ಲ. ಉತ್ತರಪತ್ರಿಕೆಗಳು, ಮಕ್ಕಳ ಪರೀಕ್ಷೆ ಎಂದು ಮನಸ್ಸಿನಲ್ಲಿಯೇ ಕಾರಣಗಳನ್ನು ಜೋಡಿಸಿಕೊಳ್ಳುತ್ತೇನೆ.

ಅಣ್ಣ ಒಳಗೆ ನೋಡುತ್ತಿರುವುದು ಪರದೆಯ ಮೇಲೂ ಮೂಡುತ್ತದೆ. ಮೊನ್ನೆ ಭಾನುವಾರ ಅತ್ತಿಗೆಯ ಕುರ್ಚಿಯಲ್ಲಿ ಕುಳಿತು ನಾನು ಅದನ್ನು ನೋಡುತ್ತಿದ್ದೆ. ಅಣ್ಣ ಪುಷ್ಪಗಿರಿಯನ್ನು ದಾಟಿ ಹೊಳೆಯ ಜಾಡು ಹಿಡಿದ. ತೋಟದ ಮೇಲೆ ಒಂದು ಸುತ್ತು ಹಾಕಿದ, ಮತ್ತೊಂದು ಹಾಕಿದ. ಒಳಗೆ ಹಾಲು ಸದ್ದು ಮಾಡಿತು. ಭುಜ ಮುಟ್ಟಿ ಕರೆಯುವುದು ನಮ್ಮ ಪದ್ಧತಿ. ಕೈ ಎತ್ತಿದವನು ಹಾಗೆಯೇ ಇಳಿಸಿ, ಎದ್ದು ಹೋಗಿ ಹಾಲನ್ನು ನಾನೇ ಇಳಿಸಿ ಬಂದೆ. ಅವನು ಮೂರನೆಯ ಸುತ್ತಿನಲ್ಲಿದ್ದ.