ಸೊಗಡು ಯಾರಿಗೆ, ಸಿಪ್ಪೆ ಯಾರಿಗೆ?

ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಸದಸ್ಯರು ಫೋನಿನಲ್ಲಿ ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆಗಳು ಎರಡೇ. ಒಂದು, ಈ ಸಲ ಊರಿಗೆ ಟಿಕೆಟ್ ಎಷ್ಟಾಯಿತು? ಇನ್ನೊಂದು, ಅಲ್ಲಿ ಅವರೆಕಾಯಿ ಬಂದಿದೆಯಂತಾ? ಮೊದಲನೆಯದರ ಉತ್ತರಕ್ಕೆ ನಿಟ್ಟುಸಿರು ಬಿಟ್ಟವರೂ ಎರಡನೆಯದರ ಉತ್ತರ ಕೇಳಿ ಟಿಕೆಟ್ ಕೊಂಡುಬಿಡುತ್ತಾರೆ. ಮಕ್ಕಳಿಗೆ ಶಾಲೆಯ ರಜೆ, ಇಲ್ಲಿ ಮಿಶಿಗನ್ನಿನಲ್ಲಿ ಸಲಿಕೆ ಹಿಡಿದು ಎತ್ತಬೇಕಾದ ಹಿಮ, ಅಲ್ಲಿ ಇಬ್ಬನಿಯ ಮುಂಜಾವು, ಮಾಗಡಿ ಕಡೆಯಿಂದ ಬಂದ ಕಾಯಿಯ ರಾಶಿ. ಪಂಚಾಂಗವೂ ಕಂಪನಿಯ ರಜೆಪಟ್ಟಿಯೂ ಇಷ್ಟು ಚೆನ್ನಾಗಿ ಕೂಡಿಬರುವುದು ವರ್ಷದಲ್ಲಿ ಈ ಒಂದೇ ಸಲ.

ಪ್ರಯಾಣ, ಊರಿನ ಊಟ, ಆಯಾ ಕಾಲದ ಮನೆಯ ಸಂಭ್ರಮ, ಇವುಗಳಲ್ಲಿ ಸುಖಪಡುವುದು ತಪ್ಪೆಂದು ಯಾರೂ ಹೇಳಲಾರರು, ನಾವೂ ಹೇಳುವುದಿಲ್ಲ. ಆದರೆ ಆ ಸುಖದ ಬೆನ್ನಿಗೇ ಒಂದು ಪ್ರಶ್ನೆ ಇದೆ. ಅದನ್ನು ಸದಸ್ಯ ಬಂಧುಗಳ ಮುಂದಿಡೋಣ ಎನ್ನಿಸಿತು. ಬೇರೊಬ್ಬರು ಕಾದು, ಬೇರೊಬ್ಬರು ದುಡಿದು ಸಿದ್ಧಮಾಡಿದ ಸುಖದಲ್ಲಿ ನಮ್ಮ ಪಾಲು ಎಲೆಯ ಮುಂದೆ ಕೂರುವುದಷ್ಟೇ ಆದರೆ ಸಾಕೆ?

ಅವರೆಯ ಗಿಡವನ್ನೇ ತೆಗೆದುಕೊಳ್ಳಿ. ನಾಡ ತಳಿಯ ಅವರೆಗೆ ಹಗಲು ಕುಗ್ಗಿ ರಾತ್ರಿ ಬೆಳೆಯಬೇಕು, ಆಗಲೇ ಅದು ಹೂ ಬಿಡುವುದು. ಮಳೆಗಾಲದಲ್ಲಿ ರಾಗಿಯ ಹೊಲದ ಅಕ್ಕಡಿ ಸಾಲಿನಲ್ಲಿ ಬಿತ್ತಿದ ಗಿಡ ತಿಂಗಳುಗಟ್ಟಲೆ ಎಲೆ ಬೆಳೆಸಿಕೊಂಡು ಸುಮ್ಮನಿರುತ್ತದೆ. ಪಕ್ಕದ ರಾಗಿ ಕಟಾವಾಗುವ ಹೊತ್ತಿಗೆ ಇದಕ್ಕೆ ಎಚ್ಚರವಾಗುತ್ತದೆ. ಇಬ್ಬನಿ ಬೀಳುವ ದಿನಗಳಲ್ಲಿ ಕಾಯಿಯ ಮೇಲೆ ಅಂಟಂಟಾದ ಪಸೆ ಕೂರುತ್ತದೆ. ನಾವು ಸೊಗಡು ಎನ್ನುವುದು ಅದರ ವಾಸನೆಯನ್ನೇ. ಕಾಯಿ ಸುಲಿದ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದರೂ ಅದು ಹೋಗುವುದಿಲ್ಲ. ಈ ಕಾಯುವ ಸ್ವಭಾವವನ್ನೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಗಿಡದಿಂದ ತೆಗೆದುಹಾಕಿದರು. ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳಿಗೆ ಹಗಲಿನ ಉದ್ದ ಲೆಕ್ಕಕ್ಕಿಲ್ಲ, ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ. ಸೊಗಡಿಲ್ಲ ಎಂದು ಗೊಣಗುವವರು ಇದ್ದಾರೆ. ಆದರೆ ಆ ಗೊಣಗಾಟ ತಿನ್ನುವವರದು. ಬೇಸಿಗೆಯಲ್ಲೂ ನಾಲ್ಕು ಕಾಸು ಕಾಣುವ ರೈತ ಗೊಣಗಬೇಕಾದ ಕಾರಣ ನಮಗೆ ಕಾಣುವುದಿಲ್ಲ.

ಇಲ್ಲಿನ ಇಂಡಿಯನ್ ಅಂಗಡಿಗಳ ಫ್ರೀಜರ್ ಇನ್ನೂ ಒಂದು ಹೆಜ್ಜೆ ಮುಂದೆ. 'ಸುರ್ತಿ ಪಾಪ್ಡಿ ಲಿಲ್ವಾ' ಎಂಬ ಗುಜರಾತಿ ಹೆಸರಿನ ಪ್ಯಾಕೆಟ್ಟಿನಲ್ಲಿ ನಮ್ಮ ಅವರೆಕಾಳು ವರ್ಷವಿಡೀ ಹೆಪ್ಪುಗಟ್ಟಿ ಕೂತಿರುತ್ತದೆ. ಗುಜರಾತಿನವರು ಅದನ್ನು ಉಂಧಿಯುಗೆ ಹಾಕುತ್ತಾರೆ, ನಾವು ಸಾರಿಗೆ. ಜುಲೈ 4ರಂದು ಹೊರಗೆ ಬಾಣಬಿರುಸು, ಒಳಗೆ ಅವರೆಕಾಳು ಸಾರು ಮುದ್ದೆ! ಮಾವಿನ ಹಣ್ಣಂತೂ 1989ರಿಂದ 2007ರವರೆಗೆ ಭಾರತದಿಂದ ಈ ದೇಶಕ್ಕೆ ಬರುವಂತೆಯೇ ಇರಲಿಲ್ಲ. ಈಗ ವಿಕಿರಣ ಹಾಯಿಸಿದ ಪೆಟ್ಟಿಗೆಗಳು ಬರುತ್ತವೆ, ಬೆಲೆ ಕೇಳಿದರೆ ವಿಕಿರಣ ನಮಗೇ ತಾಗಿದಂತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. 'ಹಿಂದಿನ ಕಾಲವೇ ಚೆನ್ನ, ಋತುಮಾನಕ್ಕೆ ತಕ್ಕಂತೆ ತಿನ್ನುತ್ತಿದ್ದೆವು, ಮನೆಮಂದಿಯೆಲ್ಲ ಕೂತು ಹಿತುಕುತ್ತಿದ್ದೆವು' ಎಂದು ಕಣ್ಣು ಮುಚ್ಚಿ ಹೇಳುವವರಲ್ಲಿ ಹೆಚ್ಚಿನವರು ಗಂಡಸರು ಎಂಬುದನ್ನು ಗಮನಿಸಿದ್ದೀರಾ? ಒಮ್ಮೆ ಊಟದ ಹೊತ್ತಿನಲ್ಲಿ ಈ ಮಾತು ಬಂದಾಗ ನಮ್ಮ ಕೂಟದ ಹಿರಿಯರೊಬ್ಬರು, ಹೆಸರು ಬೇಡ, ಎಲ್ಲರಿಗೂ ಗೊತ್ತಿರುವ ಅಮ್ಮ, ಒಂದೇ ಮಾತು ಹೇಳಿದರು: "ಸೊಗಡು ನಿಮಗೆ, ಸಿಪ್ಪೆ ನಮಗೆ. ಆ ಪ್ಯಾಕೆಟ್ಟು ಕಂಡುಹಿಡಿದವನ ಹೊಟ್ಟೆ ತಣ್ಣಗಿರಲಿ." ಚೀಲ ಕಾಯಿ ಸುಲಿದು, ಹುಳ ನೋಡಿ, ಕಾಳನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿತುಕಿ ಬೇಳೆ ತೆಗೆದು, ಕೊನೆಗೆ ಹನ್ನೆರಡು ಜನರಿಗೆ ಬಡಿಸಿ ತಾವು ತಳದ ಸಾರು ಉಂಡ ಹೆಂಗಸರ ಕಡೆಯಿಂದ ನೋಡಿದರೆ ಫ್ರೀಜರ್ ಒಂದು ಬಿಡುಗಡೆ. ಅದನ್ನು ಹಳಿಯುವ ಹಕ್ಕು ಹಿತುಕದ ಕೈಗಳಿಗೆ ಇಲ್ಲ.

ಆದರೆ ಕೆಲಸ ಮಾಯವಾಗಿಲ್ಲ, ಜಾಗ ಬದಲಿಸಿದೆ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಈಗ ಹಿತುಕಿದ ಬೇಳೆಯೇ ತೂಕಕ್ಕೆ ಸಿಗುತ್ತದೆ. ವಿ.ವಿ. ಪುರದ ತಿಂಡಿ ಬೀದಿಯಲ್ಲಿ ವರ್ಷಗಟ್ಟಲೆ ನಡೆದು 2023ರಲ್ಲಿ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋದ ಅವರೆ ಮೇಳದಲ್ಲಿ ಅವರೆಯ ದೋಸೆಯಿಂದ ಜಿಲೇಬಿಯವರೆಗೆ ಎಲ್ಲವೂ ಉಂಟು. ಅಷ್ಟೂ ಬೇಳೆಯನ್ನು ಯಾರೋ ಕೂತು ಹಿತುಕಿದ್ದಾರೆ. ನಮಗೆ ಕಾಣಲಿಲ್ಲ ಎಂದಷ್ಟೇ.

ಕನ್ನಡದಲ್ಲಿ ಈ ಲೆಕ್ಕಕ್ಕೆ ಮೂರು ಮಾತುಗಳಿವೆ: ಬಾಕಿ, ಹಂಗು, ಋಣ. ಬಾಕಿ ಅಂಗಡಿಯದು, ಕಾಸು ಕೊಟ್ಟರೆ ಮುಗಿಯಿತು. ಪುಳಿಯೋಗರೆ ಪುಡಿಯ ಎಂಟಿಆರ್ ಫುಡ್ಸ್ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು. ನಯಾಗರಾ ದಡದಲ್ಲಿ ಕೂಲರ್ ಬಿಚ್ಚಿ ಆ ಪುಳಿಯೋಗರೆ ತಿನ್ನುವಾಗ ನಾವು ನಾರ್ವೆಯವರನ್ನು ನೆನೆದು ಕಣ್ಣೀರು ಹಾಕಬೇಕಾಗಿಲ್ಲ, ದುಡ್ಡು ಅಂಗಡಿಯಲ್ಲೇ ಕೊಟ್ಟಾಗಿದೆ. (ಬೆಳಗಿನ ನಾಲ್ಕಕ್ಕೆ ಎದ್ದು ಅದನ್ನು ಕಲಸಿದವರ ವಿಚಾರ ಬೇರೆ.) ಹಂಗು ಎಂದರೆ ತಲೆ ತಗ್ಗಿಸುವಂಥದ್ದು, ಕೊಟ್ಟವರು ಆಡಿ ತೋರಿಸುವಂಥದ್ದು. ಋಣ ಇವೆರಡೂ ಅಲ್ಲ. ಅನ್ನದ ಋಣ ಎನ್ನುತ್ತೇವೆ, ಋಣಾನುಬಂಧ ಎನ್ನುತ್ತೇವೆ. ಅದು ತೀರುವುದಿಲ್ಲ, ತೀರಿಸಿ ಕೈ ತೊಳೆದುಕೊಳ್ಳಲು ಹೊರಟವನನ್ನು ನಾವು ಮೆಚ್ಚುವುದೂ ಇಲ್ಲ. ಪ್ಯಾಕೆಟ್ಟಿನ ಅವರೆಕಾಳಿನ ಒಂದು ಗುಣವೆಂದರೆ ಅದು ಋಣವನ್ನು ಬಾಕಿಯಾಗಿ ಮಾಡಿ ಕೌಂಟರಿನಲ್ಲೇ ಚುಕ್ತಾ ಮಾಡಿಬಿಡುತ್ತದೆ. ಹಗುರವಾಗುತ್ತದೆ, ನಿಜ. ಆ ಹಗುರವನ್ನೇ ಅಭ್ಯಾಸಮಾಡಿಕೊಂಡ ನಾವು ವಿಮಾನ ಇಳಿದು ಊರಿನ ಮನೆಗೆ ಹೋದಾಗಲೂ ಹಾಗೆಯೇ ನಡೆದುಕೊಂಡರೆ ಹೇಗೆ, ಅದೇ ನಮ್ಮ ಚಿಂತೆ.

ಊರಿನ ಮೂರು ವಾರ ಹೇಗೆ ಕಳೆಯುತ್ತದೆ ಎಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ತಿಂಗಳು ಮೊದಲೇ ತಿಂಡಿಗಳ ಪಟ್ಟಿ ಹೋಗಿರುತ್ತದೆ. ಹಿತಕಿದಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅಕ್ಕಿರೊಟ್ಟಿ, ಒಬ್ಬಟ್ಟು. ಎಪ್ಪತ್ತೈದು ದಾಟಿದ ತಾಯಿ ಮಂಡಿನೋವಿನಲ್ಲೂ ಒಲೆಯ ಮುಂದೆ ನಿಲ್ಲುತ್ತಾರೆ. ಇದನ್ನು ನೋಡಲಾರದ ಮಗ ಒಬ್ಬ ಹೇಳುತ್ತಾನೆ: "ಅಮ್ಮ, ನೀನು ಅಡುಗೆಮನೆಗೆ ಹೋಗಲೇಬೇಡ, ಹೊರಗಿನಿಂದ ತರಿಸೋಣ." ಅವನ ಮನಸ್ಸು ಒಳ್ಳೆಯದೇ. ಆದರೆ ಆ ಮಾತು ಕೇಳಿದ ತಾಯಿಯ ಮುಖ ನೋಡಿ. ವರ್ಷವಿಡೀ ಕಾದದ್ದು ಈ ಒಂದು ಸಾರಿಗೆ, ಅದನ್ನೂ ಕಿತ್ತುಕೊಂಡಂತೆ. ಮಾಡಿಸಿಕೊಂಡರೆ ಆಕೆಯ ಮಂಡಿಗೆ ಕಷ್ಟ, ಬೇಡವೆಂದರೆ ಆಕೆಯ ಮನಸ್ಸಿಗೆ ಕಷ್ಟ. ಇವೆರಡರಲ್ಲಿ ಯಾವುದು ಧರ್ಮ ಎಂದು ಕೇಳಿದರೆ ನಾವು ಎರಡೂ ಅಲ್ಲ ಎನ್ನುತ್ತೇವೆ. ಮೊರ ಎಳೆದುಕೊಂಡು ಪಕ್ಕದಲ್ಲಿ ಕೂರುವುದು ಮೂರನೆಯ ದಾರಿ. ಹಿತುಕುವಾಗ ಕಾಳು ಹಾರಿ ಸೋಫಾದ ಕೆಳಗೆ ಹೋಗುತ್ತದೆ, ಮಾಡಿದ್ದರಲ್ಲಿ ಅರ್ಧ ಹೋಳಾಗುತ್ತದೆ, ಅಮ್ಮ ಬೈಯುತ್ತಾರೆ. ವಾರಕ್ಕೊಮ್ಮೆಯ ವಿಡಿಯೋ ಕರೆಯಲ್ಲಿ 'ಚೆನ್ನಾಗಿದ್ದೀನಪ್ಪ' ಎನ್ನುವವರು, ಕೈ ಕೆಲಸದಲ್ಲಿರುವಾಗ, ಕಣ್ಣು ಮೊರದ ಮೇಲಿರುವಾಗ, ರಾತ್ರಿ ನಿದ್ದೆ ಬರುವುದಿಲ್ಲ ಎಂಬ ಮಾತನ್ನು ತಾವಾಗಿ ಹೇಳುತ್ತಾರೆ.

ತಾಯಿಯ ವಿಚಾರ ಹೇಗೋ ನಡೆದುಹೋಗುತ್ತದೆ, ಅಲ್ಲಿ ಲೆಕ್ಕ ಇಡುವವರಿಲ್ಲ. ಕಷ್ಟದ ಪ್ರಶ್ನೆ ಅತ್ತಿಗೆಯದು. ಊರಿನಲ್ಲೇ ಉಳಿದ ಅಣ್ಣನ ಹೆಂಡತಿ. ವರ್ಷದ ನಲವತ್ತೊಂಬತ್ತು ವಾರ ಅತ್ತೆ ಮಾವಂದಿರ ಮಾತ್ರೆ, ಡಾಕ್ಟರು, ಬ್ಯಾಂಕು ಎಲ್ಲವೂ ಅವರ ತಲೆಯ ಮೇಲೆ. ನಾವು ಬಂದ ಮೂರು ವಾರ ಅವರಿಗೆ ಕೆಲಸ ಇಮ್ಮಡಿ. ಹೊಗಳಿಕೆ ಮಾತ್ರ ನಮ್ಮದು: ಅಷ್ಟು ದೂರದಿಂದ ಬಂದಿದ್ದಾನೆ ಪಾಪ, ಎಷ್ಟು ಸೊರಗಿದ್ದಾನೆ, ಇನ್ನೊಂದು ರೊಟ್ಟಿ ಹಾಕು. ನಾವು ಹೊರಡುವ ಮುನ್ನ ಚಾಕೊಲೇಟು, ಬಾದಾಮಿ, ಸೆಂಟಿನ ಸೀಸೆ ಕೈಗಿಟ್ಟು ಚುಕ್ತಾ ಮಾಡುತ್ತೇವೆ. ಅತ್ತಿಗೆ ನಗುತ್ತಲೇ ತೆಗೆದುಕೊಳ್ಳುತ್ತಾರೆ. ಆ ಸೀಸೆ ಬೀರುವಿನಲ್ಲಿ ಹಾಗೆಯೇ ಇರುತ್ತದೆ. ಹಾಕಿಕೊಂಡು ಹೋಗುವುದಾದರೂ ಎಲ್ಲಿಗೆ?

ಈ ದೇಶದಲ್ಲಿ ಒಂದು ತಮಾಷೆ ಇದೆ. ಅಕ್ಟೋಬರಿನಲ್ಲಿ ಸಂಸಾರ ಸಮೇತ ಸೇಬಿನ ತೋಟಕ್ಕೆ ಹೋಗಿ, ಟ್ರಾಕ್ಟರಿನ ಹಿಂದಿನ ಹುಲ್ಲಿನ ಬಂಡಿಯಲ್ಲಿ ಕುಳಿತು, ದುಡ್ಡು ಕೊಟ್ಟು ನಾವೇ ಹಣ್ಣು ಕೀಳುತ್ತೇವೆ. 'ಯು-ಪಿಕ್' ಎಂದು ಅದರ ಹೆಸರು. ಆಮೇಲೆ ಬಿಸಿ ಸೈಡರ್, ಡೋನಟ್. ತೀರ್ಥಹಳ್ಳಿಯಲ್ಲಿ ಯಾರಾದರೂ 'ನಿಮಗೇ ದುಡ್ಡು ಕೊಡುತ್ತೇನೆ, ನಿಮ್ಮ ಅಡಿಕೆ ಕೊಯ್ದುಕೊಡಲೇ' ಎಂದು ಕೇಳಿದರೆ ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡುತ್ತಾರೆ. ಆದರೂ ಅಂಗಡಿಯ ಸೇಬಿಗಿಂತ ನಾವು ಕಿತ್ತ ಸೇಬು ರುಚಿ ಎಂದು ಮಕ್ಕಳು ಹೇಳುವುದು ಸುಳ್ಳಲ್ಲ. ಕೈ ಹಾಕಿದ್ದು ನಾಲಿಗೆಗೆ ತಿಳಿಯುತ್ತದೆ. ಹಾಗೆಂದು ಅದು ದುಡಿಮೆ ಎಂದುಕೊಳ್ಳಬಾರದು. ಬೇಸರ ಬಂದಾಗ ನಿಲ್ಲಿಸುವ ಸ್ವಾತಂತ್ರ್ಯ ಇರುವ ಕೆಲಸ ಆಟವೇ. ಅದೇ ತೋಟದಲ್ಲಿ ಏಣಿ ಹತ್ತಿ ಇಡೀ ಸುಗ್ಗಿ ಹಣ್ಣು ಬಿಡಿಸುವ ವಲಸೆ ಕೂಲಿಗಳಿಗೆ ಆ ಸ್ವಾತಂತ್ರ್ಯ ಇಲ್ಲ.

ಹಾಗಾದರೆ ಅತ್ತಿಗೆಯ ಪಕ್ಕ ಒಂದು ಸಂಜೆ ಕೂತು ಅವರೆ ಹಿತುಕುವುದೂ ಒಂದು ಯು-ಪಿಕ್ ಅಲ್ಲವೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಒಂದು ಸಂಜೆಯಾದರೆ ಹೌದು, ಆಟವೇ. ಅದಕ್ಕೇ ನಮ್ಮ ಸದಸ್ಯ ದಂಪತಿಗಳೊಬ್ಬರು ಮಾಡಿದ್ದು ನಮಗೆ ಬಹಳ ಹಿಡಿಸಿತು. ಅವರು ಊರಿಗೆ ಹೋದ ಮೂರು ವಾರದಲ್ಲಿ ನಡುವಿನ ಒಂದು ವಾರ ಅಣ್ಣ ಅತ್ತಿಗೆಗೆ ಕಾರು ಗೊತ್ತುಮಾಡಿ ಪ್ರವಾಸಕ್ಕೆ ಕಳಿಸಿದರು. ಮಾತ್ರೆಗಳ ಚೀಟಿ ಬರೆಸಿಕೊಂಡು, ಹಾಲಿನವನ ಲೆಕ್ಕ ಕೇಳಿಕೊಂಡು, ಮನೆಯನ್ನು ತಾವು ನೋಡಿಕೊಂಡರು. ಆ ವಾರ ಮೈಸೂರು ನೋಡುವುದು, ನೆಂಟರ ಮನೆ ಸುತ್ತುವುದು ಎಲ್ಲ ತಪ್ಪಿತು, ಮಕ್ಕಳು ಮುಖ ಊದಿಸಿದರು. ಅಣ್ಣ ಅತ್ತಿಗೆ ಶೃಂಗೇರಿ ನೋಡಿಕೊಂಡು ಹೊರನಾಡಿಗೆ ಹೋದರು. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಪಂಕ್ತಿಯಲ್ಲಿ ಕೂತು ಊಟ ಮಾಡಿದ್ದನ್ನು ಅತ್ತಿಗೆ ಫೋನಿನಲ್ಲಿ ಎರಡು ಸಲ ಹೇಳಿದರಂತೆ. ಏನು ವಿಶೇಷ ಬಡಿಸಿದರು ಎಂದು ಕೇಳಿದರೆ, "ವಿಶೇಷ ಏನಿಲ್ಲ, ನಾನು ಮಾಡಿದ್ದಲ್ಲ ಅಷ್ಟೆ" ಎಂದರಂತೆ. ಪ್ರವಾಸದ ಸುಖದ ಬಗ್ಗೆ ನಾವು ಕೇಳಿದ ಮಾತುಗಳಲ್ಲಿ ಇದನ್ನು ಮರೆಯಲು ಆಗಿಲ್ಲ.

ಇದು ಹಳೇ ಮೈಸೂರು ಕಡೆಯವರ ಅವರೆಪುರಾಣವಷ್ಟೇ ಎಂದು ಉಳಿದವರು ಪುಟ ತಿರುಗಿಸಬೇಡಿ. ಎಳ್ಳಮಾವಾಸ್ಯೆಗೆ ಸಜ್ಜೆರೊಟ್ಟಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವವರು, ಹೊಲದಲ್ಲೇ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವವರು, ಬೇಸಿಗೆಯ ಬಿಸಿಲಿಗೆ ಹಲಸಿನ ಹಪ್ಪಳ ಒತ್ತುವವರು, ಕಕ್ಕಡದ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುವ ಕೊಡಗಿನವರು, ಎಲ್ಲರ ಮನೆಯಲ್ಲೂ ಒಬ್ಬರು ಅತ್ತಿಗೆ ಇದ್ದಾರೆ. ಚರಗದ ಪದ್ಧತಿಯಲ್ಲಿ ನಮಗೆ ಇಷ್ಟವಾಗುವುದು ಒಂದು ಸಂಗತಿ. ಉಣ್ಣುವ ಮೊದಲು ಬೆಳೆ ಕೊಟ್ಟ ನೆಲಕ್ಕೆ ಅದರ ಪಾಲು ಹೋಗುತ್ತದೆ. ಅದು ಸಾಲ ತೀರಿಸುವುದಲ್ಲ, ಹಿಡಿ ಅನ್ನದಿಂದ ಹೊಲದ ಸಾಲ ತೀರುವುದೂ ಇಲ್ಲ.

ಇನ್ನು ನಮ್ಮ ಕೂಟದ ಮಾತು. ಸಂಕ್ರಾಂತಿ ಊಟಕ್ಕೆ ಎಂದಿನಂತೆ ಪಾಟ್‌ಲಕ್ ಎಂದರೆ ಎಂಟೋ ಹತ್ತೋ ಮನೆಯ ಹೆಂಗಸರಿಗೆ ಹಿಂದಿನ ರಾತ್ರಿ ನಿದ್ದೆ ಇಲ್ಲ. ಈ ಸಲ ಬೇರೆ ರೀತಿ ಮಾಡೋಣ ಎಂಬ ಸಲಹೆ ನಮ್ಮದು. ಲಿಲ್ವಾ ಪ್ಯಾಕೆಟ್ಟುಗಳನ್ನು ಕೂಟದ ಖರ್ಚಿನಲ್ಲೇ ತರೋಣ. ಅದರಲ್ಲಿ ಕಾಯಿ ಸುಲಿದಿರುತ್ತಾರೆ, ಹುಳದ ಭಯವಿಲ್ಲ, ಕಾಳಿನ ಸಿಪ್ಪೆ ಮಾತ್ರ ಹಾಗೆಯೇ ಇರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹಾಲಿನಲ್ಲಿ ಎಲ್ಲರೂ ಸೇರಿ, ಮೊದಲು ಗಂಡಸರು, ಆಮೇಲೆ ಕಾಲೇಜು ಮಕ್ಕಳು, ಸುತ್ತ ಕೂತು ಹಿತುಕುವುದು. ಎಳ್ಳು ಬೆಲ್ಲ ಹಂಚುವುದು ನಡುವೆ ಆಗಲಿ. ಸಾರಿನ ಒಗ್ಗರಣೆಯವರೆಗೂ ಯಾವ ಅಮ್ಮನೂ ಅಡುಗೆಮನೆಗೆ ಕಾಲಿಡುವಂತಿಲ್ಲ, ಒಗ್ಗರಣೆಗೆ ಮಾತ್ರ ಅವರನ್ನು ಕೇಳದೆ ವಿಧಿಯಿಲ್ಲ. ದೊಡ್ಡ ಪಾತ್ರೆ ಇರುವವರು, ಕೂರಲು ಚಾಪೆ ಇರುವವರು ದಯವಿಟ್ಟು ಮೊದಲೇ ತಿಳಿಸಿ. ಹಾಲಿನ ಕಾರ್ಪೆಟ್ಟಿಗೆ ಕಾಳು ಹಾರದಂತೆ ಹಳೆಯ ಬೆಡ್‌ಶೀಟ್ ಹಾಸಬೇಕು, ಅದನ್ನು ತರುವವರು ಇನ್ನೂ ಸಿಕ್ಕಿಲ್ಲ.